ಮುದ್ರೆ ಬಿದ್ದ ರಕ್ತ

ಎಲ್ಲ ಅನರ್ಥಕ್ಕೂ ಮೂಲ ಒಂದೇ ಒಂದು ಕೆಮ್ಮು. ಅದೂ ಎದೆ ಬಿರಿಯುವಂಥ ಕೆಮ್ಮಲ್ಲ; ಹೊಸ್ತಿಲಲ್ಲಿ ನಿಂತು ಒಳಗೆ ಬರಲೇ ಬೇಡವೇ ಎಂದು ಕೇಳುವಂಥ ಸಂಕೋಚದ ಕೆಮ್ಮು. ಆದರೆ ಅದು ಬಂದದ್ದು ಫೋನಿನಲ್ಲಿ. ಆ ತುದಿಯಲ್ಲಿ ಕೇಳಿಸಿಕೊಂಡವರು ಬೀಗಿತ್ತಿ. ಬೀಗಿತ್ತಿಯೋ ದೊಡ್ಡಾಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು.

ಕೆಮ್ಮಿದವರು ತಕ್ಕಡಿ ಮಾಮ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ ಬರುವುದು ಅವರ ಕೆಲಸ. ಮುದ್ರೆ ಬಿದ್ದ ತಕ್ಕಡಿಯನ್ನು ವರ್ಷಪೂರ್ತಿ ಯಾರೂ ಅನುಮಾನಿಸಬಾರದು. ಮುದ್ರೆ ಇಲ್ಲದ್ದನ್ನು ಒಂದು ಗಳಿಗೆಯೂ ನಂಬಬಾರದು. ಲೋಕವನ್ನೆಲ್ಲ ಹೀಗೆ ಎರಡು ತಟ್ಟೆಗಳಲ್ಲಿಟ್ಟು ಅವರು ನೆಮ್ಮದಿಯಾಗಿದ್ದರು.

ಊರಿನ ಆ ತುದಿಯಲ್ಲಿರುವ ಬೀಗರ ಮನೆಯಲ್ಲಿ ಅವರ ಮಗಳು ಹೆಣ್ಣು ಮಗುವಿಗೆ ತಾಯಿಯಾಗಿದ್ದಳು. ಬಾಣಂತಿಯನ್ನು ನೋಡಿಕೊಳ್ಳಲು ಹೆಂಡತಿ ಅಲ್ಲಿಗೇ ಹೋಗಿ ಕೂತಿದ್ದರು. ಮಾಮನಿಗೆ ಮಾತ್ರ ಮಗು ಹುಟ್ಟಿದ ವಾರವೇ ಶೀತ ಹಿಡಿಯಿತು. ಶೀತ ಹೋಗುವಾಗ ಕೆಮ್ಮನ್ನು ಮನೆ ಕಾಯಲು ಬಿಟ್ಟುಹೋಯಿತು. ಹೀಗಾಗಿ ಮೊಮ್ಮಗಳನ್ನು ಅವರು ಕಂಡದ್ದು ಫೋನಿನ ಪರದೆಯಲ್ಲಿ ಅಷ್ಟೇ. ನಾಳೆ ಬೆಳಗ್ಗೆ ಮಗಳು, ಅಳಿಯನಿಗೆ ವರ್ಗವಾಗಿರುವ ದೂರದ ಊರಿಗೆ ಮಗುವನ್ನು ಎತ್ತಿಕೊಂಡು ಹೊರಡುತ್ತಾಳೆ. ಮತ್ತೆ ಬರುವ ಹೊತ್ತಿಗೆ ಮಗು ಓಡಾಡುತ್ತಿರುತ್ತದೆ. ಎತ್ತಿಕೊಳ್ಳಲು ಹೋದರೆ ಕೊಸರಿಕೊಳ್ಳುತ್ತದೆ. ಎದೆಗೊತ್ತಿ ಹಿಡಿಯುವ ಮೊಮ್ಮಗಳು ಬೇಕಿದ್ದರೆ ಇವತ್ತೇ ಸೈ. ಅದಕ್ಕೇ ರಜೆ ಹಾಕಿ, ಬರುತ್ತಿದ್ದೇನೆಂದು ಹೇಳಲು ಫೋನು ಮಾಡಿದ್ದರು. ಹೇಳುವಷ್ಟರಲ್ಲಿ ಕೆಮ್ಮಿದ್ದರು.

"ಬೀಗರೇ, ತಪ್ಪು ತಿಳ್ಕೋಬೇಡಿ," ಎಂದರು ಬೀಗಿತ್ತಿ. "ಒಂದು ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಸೋಂಕಿಲ್ಲ ಅಂತ ಬಂದ್ರೆ ಮಗೂನ ನಾನೇ ನಿಮ್ಮ ಕೈಗೆ ಕೊಡ್ತೀನಿ."

ಬೇರೆ ಯಾರೇ ಆಗಿದ್ದರೂ ಮುಖ ಊದಿಸಿಕೊಳ್ಳುತ್ತಿದ್ದರು. ಮಾಮನಿಗೆ ಸಂತೋಷವೇ ಆಯಿತು. ಪರೀಕ್ಷೆ ಎಂದರೆ ಪರೀಕ್ಷೆ. ಅದರಲ್ಲಿ ದಾಕ್ಷಿಣ್ಯವೇನು ಬಂತು? ದೇವರಿಗೆ ಕೈಮುಗಿದು, ತೋಳು ಮಡಿಸಲು ಸಡಿಲವಾಗಿರಲೆಂದು ದೊಗಳೆ ಅಂಗಿ ಹಾಕಿಕೊಂಡು ಹೊರಟರು.

ಗೇಟಿನಲ್ಲಿ ಕಂಡಕ್ಟರು ಸಿಕ್ಕಿದರು. ಪಕ್ಕದ ಮನೆಯ ಒಂಟಿ ಜೀವ. ಬಸ್ಸಿನಿಂದ ನಿವೃತ್ತರಾದರೂ ಜನರನ್ನು ಅತ್ತಿಂದಿತ್ತ ಸರಿಸುವ ಕೈ ಇನ್ನೂ ಸುಮ್ಮನಿರದು. ಒಬ್ಬರನ್ನೇ ಆಸ್ಪತ್ರೆಗೆ ಕಳಿಸಲು ತಾನೇನು ಸತ್ತುಹೋಗಿದ್ದೇನೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಜೊತೆಗೇ ಹೊರಟರು. ದಾರಿಯಲ್ಲಿ ತನ್ನ ಫೋನಿನಲ್ಲಿ ದುಡ್ಡು ಹಾಕಿಲ್ಲವೆಂದು ಮಾಮನ ಫೋನು ಇಸಿದುಕೊಂಡು ಯಾರಿಗೋ ಮಾತಾಡಿ, ಅದನ್ನು ತನ್ನ ಜೇಬಿಗೇ ಇಳಿಸಿದರು.

ನರ್ಸಿಂಗ್ ಹೋಮಿನಲ್ಲಿ ರಕ್ತ ತೆಗೆಯುವುದು ಮೂರನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಕಂಡಕ್ಟರು ಆಗಲೇ ವಿಚಾರಿಸಿಕೊಂಡು ಬಂದು, ಬೆಳಗಿನ ರಕ್ತವನ್ನೆಲ್ಲ ಈಗ ಯಂತ್ರಕ್ಕೆ ಹಾಕುತ್ತಾರಂತೆ, ತಪ್ಪಿದರೆ ಮಧ್ಯಾಹ್ನವೇ ಅಂತೆ, ಹತ್ತಿ ಹತ್ತಿ ಎಂದು ಕೆಳಗಿನಿಂದಲೇ ಹುರಿದುಂಬಿಸಿದರು. ಮಾಮ ಎರಡೆರಡು ಮೆಟ್ಟಿಲು ಹಾರಿದರು. ಮೇಲೆ ತಲುಪಿದಾಗ ಉಸಿರು ಮುಂದೆ, ಅವರು ಹಿಂದೆ. ಲ್ಯಾಬಿನ ಹುಡುಗಿ ಕೂರಿಸಿ, ಕೈ ಚಾಚಿಸಿ, ರಕ್ತ ತೆಗೆದೇ ಬಿಟ್ಟಳು.

ವರದಿ ಬಂದಾಗ ಬಿಳಿ ರಕ್ತಕಣಗಳ ಮುಂದೆ ಒಂದು ಬಾಣದ ಗುರುತಿತ್ತು. ಬಾಣ ಮೇಲ್ಮುಖವಾಗಿತ್ತು. ಇರಬೇಕಾದ್ದಕ್ಕಿಂತ ಹೆಚ್ಚು ಎಂದರ್ಥ. ತೂಕದಲ್ಲಿ ಹೆಚ್ಚು ಬಂದರೂ ಅಪರಾಧವೇ ಎಂದು ಬಲ್ಲ ಮಾಮ ಬೆವರಿದರು. ನೇರವಾಗಿ ಡಾಕ್ಟರ ಮುಂದೆ ಹೋಗಿ ಕೂತರು. ಡಾಕ್ಟರು ವಯಸ್ಸಿನಲ್ಲಿ ಅವರ ಮಗಳಷ್ಟೇ ಇದ್ದ ಹೆಣ್ಣುಮಗಳು.

"ನಿಮ್ಮ ಯಂತ್ರಾನ ಕೊನೇ ಸಲ ಯಾವಾಗ ಪರೀಕ್ಷೆ ಮಾಡ್ಸಿದ್ದು?" ಎಂದು ಮಾಮ ಕೇಳಿದರು.

ದಿನಾ ಬೆಳಗ್ಗೆ ಮಾಡುತ್ತೇವೆ ಎಂದು ಅವಳು ನಕ್ಕಳು. ತಮ್ಮ ಇಲಾಖೆಯಲ್ಲೂ ಅಷ್ಟು ಕಟ್ಟುನಿಟ್ಟಿರಲಿಲ್ಲ.

"ಬಿಳಿ ಕಣ ಸೋಂಕು ಬಂದ್ರೂ ಏರತ್ತೆ, ಹೃದಯಕ್ಕೆ ಪೆಟ್ಟಾದ್ರೂ ಏರತ್ತೆ, ಮೆಟ್ಟಿಲು ಓಡಿ ಹತ್ತಿದ್ರೂ ಏರತ್ತೆ," ಎಂದು ಅವಳು ಬಿಡಿಸಿ ಹೇಳಿದಳು. "ಇದೊಂದನ್ನೇ ನೋಡಿ ನಾನೇನೂ ಹೇಳಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಇನ್ನೊಂದ್ಸಲ ನೋಡೋಣ."

ಸುಮ್ಮನೆ ಕೂತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲ ಸಂದಿಯಲ್ಲಿ ಕಂಡಕ್ಟರ ತಲೆ ಇತ್ತು. ಹೃದಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉಳಿದ ದೇಹವೂ ಒಳಗೆ ಬಂತು.

"ಮುಚ್ಚಿಡಬಾರ್ದು ಮಾಮ," ಎಂದು ಅವರು ಕರುಣೆಯಿಂದ ಗದರಿದರು. "ಡಾಕ್ಟ್ರಮ್ಮಾ, ಇವರು ಕೆಮ್ಮುವಾಗ ಎದೆ ಹಿಡ್ಕೊಳ್ತಾರೆ. ನಾನೇ ಕಣ್ಣಾರೆ ನೋಡಿದೀನಿ."

ಕೆಮ್ಮುವಾಗ ಎದೆ ಹಿಡಿಯದೆ ಮೊಣಕಾಲು ಹಿಡಿಯುತ್ತಾರೆಯೇ ಎಂದು ಮಾಮ ವಾದಿಸಿದರು. ಎದೆ ಎಂದ ಮೇಲೆ ಡಾಕ್ಟರು ಬಿಡುವ ಹಾಗಿರಲಿಲ್ಲ. ಗಾಲಿ ಹಾಸಿಗೆ ಬಂತು. ಎದೆಗೆ ವೈರುಗಳು ಅಂಟಿದವು. ಹೃದಯಕ್ಕೆ ಪೆಟ್ಟಾಗಿದ್ದರೆ ರಕ್ತದಲ್ಲಿ ಅದರ ಗುರುತು ಕಾಣುತ್ತದಂತೆ. ಒಮ್ಮೆ ನೋಡಿದರೆ ಸಾಲದಂತೆ. ಈಗೊಮ್ಮೆ ತೆಗೆದು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆದು ಎರಡನ್ನೂ ಹೋಲಿಸಬೇಕಂತೆ. ಎರಡು ಸಲ ತೂಗುವವರ ಮೇಲೆ ಮಾಮನಿಗೆ ಗೌರವವಿತ್ತು. ಗೌರವದಿಂದಲೇ ಸಿಕ್ಕಿಬಿದ್ದರು.

ಅವರನ್ನು ಮಲಗಿಸಿದ ವಾರ್ಡಿನಲ್ಲಿ ಎಡಗಡೆಯವನು ಚಳಿಗೆ ಹೊತ್ತಿಕೊಳ್ಳದ ಲಾರಿಯಂತೆ ಕೆಮ್ಮುತ್ತಿದ್ದ. ಬಲಗಡೆಯವನು ಸೀನುವಾಗ ಕಿಟಕಿಯ ಪರದೆ ಅಲ್ಲಾಡುತ್ತಿತ್ತು. ಮಾಮ ಟವೆಲಿನಿಂದ ಮೂಗು ಮುಚ್ಚಿಕೊಂಡು ಛಾವಣಿಯನ್ನೇ ನೋಡುತ್ತ, ಗಾಬರಿಯಾದರೆ ಬಿಳಿ ಕಣಗಳು ಮತ್ತೆ ಏರಿಯಾವೆಂದು ನಾಮಸ್ಮರಣೆಯಲ್ಲಿ ಮನಸ್ಸನ್ನು ನಿಲ್ಲಿಸಲು ನೋಡಿದರು. ಕಂಡಕ್ಟರು ಸಾಲಿನಲ್ಲಿದ್ದವರ ಕಾಯಿಲೆಗಳನ್ನೆಲ್ಲ ಹತ್ತಿರ ಕೂತು ಕೇಳಿ, ಪ್ರತಿಯೊಬ್ಬರಿಗೂ ಔಷಧಿ ಹೇಳಿ, ಹೊಟ್ಟೆ ಹಸಿದಾಗ ಈಗ ಬಂದೆ ಎಂದು ಹೋದವರು ಬರಲೇ ಇಲ್ಲ. ಮಾಮನ ಫೋನೂ ಅವರೊಡನೆ ಹೋಯಿತು.

ಅಷ್ಟಾದರೂ ಮಾಮ ಧೃತಿಗೆಡಲಿಲ್ಲ. ಸಂಜೆಯೊಳಗೆ ಬಿಟ್ಟರೆ ಸಾಕು. ಕೂಸನ್ನು ಹಿಡಿದದ್ದು ಮಗಳು ಮಗುವಾಗಿದ್ದಾಗ. ಕೈಗೆ ಅಭ್ಯಾಸ ತಪ್ಪಿದೆ. ತಲೆದಿಂಬನ್ನು ಎತ್ತಿ, ಕತ್ತಿನ ಕೆಳಗೆ ಕೈಕೊಟ್ಟು, ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ ಮೆಲ್ಲಗೆ ತೂಗಿ ನೋಡಿದರು. ಆಗಲೇ ಆ ಕಡೆ ಹಾಯ್ದ ನರ್ಸಮ್ಮ, ರೋಗಿ ನೋವಿನಿಂದ ದಿಂಬನ್ನು ಅವುಚಿಕೊಂಡಿದ್ದಾರೆಂದು ಓಡಿದಳು. ಡಾಕ್ಟರು ಬಂದಳು, ವೈರುಗಳು ಮತ್ತೆ ಅಂಟಿದವು. ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನು ಕಲಿಯುತ್ತಿದ್ದೆ ಎಂದು ಹೇಳಲು ಮಾಮನಿಗೆ ನಾಚಿಕೆಯಾಗಿ, ದಿಂಬು ಮೆತ್ತಗಿದೆ ಎಂದಷ್ಟೇ ಹೇಳಿದರು. ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ಎರಡನೆಯ ಸಲ ರಕ್ತ ತೆಗೆದರು. ಹೊತ್ತು ಬಾಗುವಾಗ ಡಾಕ್ಟರು ನಗುತ್ತ ಬಂದು, ಬಿಳಿ ಕಣ ತಾನಾಗಿ ಇಳಿದಿದೆ, ಓಡಿ ಹತ್ತಿದ್ದರಿಂದಲೇ ಏರಿತ್ತು, ಹೃದಯಕ್ಕೆ ಏನೂ ಆಗಿಲ್ಲ, ಸೋಂಕಿನ ಲಕ್ಷಣವೂ ಕಾಣುವುದಿಲ್ಲ, ಕೆಮ್ಮು ಹಳೆಯ ಶೀತದ ಉಳಿಕೆ ಎಂದಳು. ವರದಿಯ ಕೆಳಗೆ ಸಹಿ ಹಾಕಿದಳು. ಸೀಲೂ ಬೇಕೆಂದು ಮಾಮ ಕೇಳಿದರು. ದುಂಡನೆಯ ನೀಲಿ ಸೀಲು ಬಿತ್ತು. ಅದನ್ನು ನೋಡಿ ಅವರ ಕಣ್ಣು ತೇವವಾಯಿತು.

ಬಸ್ಸು ಹಿಡಿದು ನೇರ ಬೀಗರ ಮನೆಗೆ ಹೋದರು. ಬಾಗಿಲಿಗೆ ಬೀಗ. ಎದುರು ಮನೆಯಾಕೆ ಮರುಕದಿಂದ, ಎಲ್ಲರೂ ಅಳುತ್ತ ಹೋದರು, ಮಗುವಿನ ತಾತನಿಗೆ ಹೃದಯ ಕೈಕೊಟ್ಟಿತಂತೆ, ಈಗಲೋ ಆಗಲೋ ಅನ್ನುವ ಹಾಗಿದ್ದಾರಂತೆ ಎಂದು ತಿಳಿಸಿ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ಮಾಮ ವಾಪಸು ಬಸ್ಸು ಹತ್ತಿದರು.

ಅವರ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಕಂಡಕ್ಟರು ಬೀದಿಗೆ ಬಂದು ಮಾಮನದೇ ಫೋನಿನಲ್ಲಿ ಅವರ ಹೆಂಡತಿಗೆ ಸುದ್ದಿ ಮುಟ್ಟಿಸಿದ್ದರು. ತಾಯಿ ಹೊರಟರೆ ಮಗಳು ನಿಲ್ಲಳು, ಮಗಳು ಹೊರಟರೆ ಮಗುವನ್ನು ಬಿಡುವ ಹಾಗಿಲ್ಲ. ಬೀಗಿತ್ತಿ ಮಾತ್ರ ಬುದ್ಧಿವಂತಿಕೆಯಿಂದ ದಾರಿಯಲ್ಲಿ ಆಸ್ಪತ್ರೆಗೇ ಫೋನು ಮಾಡಿ, ಸಂಜೆ ಮನೆಗೆ ಕಳಿಸುತ್ತಾರೆಂದು ತಿಳಿದು, ಕೂಸನ್ನು ಆಸ್ಪತ್ರೆಯೊಳಗೆ ಒಯ್ಯುವುದು ಬೇಡವೆಂದು ಎಲ್ಲರನ್ನೂ ಇಲ್ಲಿಗೇ ಕರೆತಂದಿದ್ದರು. ಸಮಾಧಾನ ಹೇಳಲು ಬೀದಿಗೆ ಬೀದಿಯೇ ನೆರೆದಿತ್ತು. ಬೀಗಿತ್ತಿ ಹೊಸ್ತಿಲಲ್ಲಿ ಸೋಪು, ಬಕೆಟ್ಟು ಇಟ್ಟುಕೊಂಡು, ಜ್ವರ ಇದೆಯೇ, ಕೆಮ್ಮಿದೆಯೇ, ಆಸ್ಪತ್ರೆಯ ಕಡೆ ಹೋಗಿದ್ದಿರೇ ಎಂದು ಒಬ್ಬೊಬ್ಬರನ್ನೂ ಕೇಳಿ, ಕೈ ತೊಳೆಸಿ ಒಳಗೆ ಬಿಟ್ಟಿದ್ದರು. ಹಾಗೆ ಬಂದವರ ಮಡಿಲಿನಿಂದ ಮಡಿಲಿಗೆ ಮಗು ಹರಿದಾಡುತ್ತಿತ್ತು.

ಮಾಮ ನಡೆದು ಬಂದದ್ದನ್ನು ಕಂಡು ಎಲ್ಲರೂ ಎದ್ದು ನಿಂತರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳಲೆಂದೇ ಬಂದಿದ್ದ ಒಂದಿಬ್ಬರು ತುಸು ನಿರಾಶರಾದಂತೆಯೂ ಕಂಡಿತು. ಮಾಮ ವರದಿಯನ್ನು ಬೀಗಿತ್ತಿಯ ಕೈಗಿಟ್ಟು, ತಾವಾಗಿಯೇ ಕೈ ತೊಳೆದು, ಎರಡೂ ತೋಳು ಚಾಚಿ ನಿಂತರು.

ಬೀಗಿತ್ತಿ ಮೇಲಿನಿಂದ ಕೆಳಗಿನವರೆಗೂ ಓದಿದರು. ರಕ್ತ ಚೆನ್ನಾಗಿದೆ, ಎದೆಯೂ ಚೆನ್ನಾಗಿದೆ ಎಂದು ಮೆಚ್ಚಿದರು. ಆಮೇಲೆ ತಲೆಯೆತ್ತಿ, ಇದಕ್ಕೆ ರಕ್ತ ಕೊಟ್ಟದ್ದು ಯಾವಾಗ ಎಂದು ಕೇಳಿದರು. ಮಧ್ಯಾಹ್ನ. ದಿನವಿಡೀ ಇದ್ದದ್ದು ಎಲ್ಲಿ? ವಾರ್ಡಿನಲ್ಲಿ. ಅಕ್ಕಪಕ್ಕ ಯಾರಿದ್ದರು? ಒಂದು ಸುಳ್ಳು ಸಾಕಿತ್ತು. ಆದರೆ ಒಂದು ಕಾಳು ಹೆಚ್ಚುಕಡಿಮೆಯಾದರೂ ಸಹಿಸದೆ ಬಾಳಿದ ನಾಲಿಗೆ ಹೊರಳಲಿಲ್ಲ. ಒಬ್ಬ ಕೆಮ್ಮುತ್ತಿದ್ದ, ಒಬ್ಬ ಸೀನುತ್ತಿದ್ದ ಎಂದರು.

"ಮಧ್ಯಾಹ್ನದ ತನಕ ನೀವು ಹೇಗಿದ್ರಿ ಅಂತ ಈ ಕಾಗದ ಹೇಳತ್ತೆ ಬೀಗರೇ," ಎಂದರು ಬೀಗಿತ್ತಿ ಮೆತ್ತಗೆ. "ಅಲ್ಲಿಂದ ಏನು ಅಂಟಿಸ್ಕೊಂಡು ಬಂದಿದೀರೋ, ಅದನ್ನ ಹೇಳಲ್ಲ."

ಮಾತು ನ್ಯಾಯವಾಗಿತ್ತು. ಅದಕ್ಕೇ ಹೆಚ್ಚು ನೋವಾಯಿತು. ಇಡೀ ಬೀದಿಯಲ್ಲಿ ರಕ್ತಕ್ಕೆ ಮುದ್ರೆ ಬಿದ್ದವರು ಅವರೊಬ್ಬರೇ. ಮಗುವನ್ನು ಮುಟ್ಟಬಾರದವರೂ ಅವರೊಬ್ಬರೇ. ಇರಲಿ, ಹೊರಡುವ ತನಕ ಅಂಗಳದಲ್ಲಿ ನಿಂತಾದರೂ ಕಣ್ತುಂಬ ನೋಡಿಕೊಳ್ಳೋಣವೆಂದು ಮಗು ಯಾರ ಬಳಿಯಿದೆ ಎಂದು ಹುಡುಕಿದರು. ಅದು ಕಂಡಕ್ಟರ ತೋಳಿನಲ್ಲಿತ್ತು. ಕಂಡಕ್ಟರು ಸ್ನಾನ ಮಾಡಿ, ಕ್ರಾಪು ತಿದ್ದಿ, ಬೇರೆ ಅಂಗಿ ತೊಟ್ಟಿದ್ದರು. ಮಾಮನನ್ನು ಬಿಟ್ಟು ಉಳಿದೆಲ್ಲ ಕಡೆಗೂ ನೋಡುತ್ತಿದ್ದರು. ಹೊಸ್ತಿಲಲ್ಲಿ ಆಸ್ಪತ್ರೆಯ ಪ್ರಶ್ನೆಗೆ ಇಲ್ಲವೆಂದು ಹೇಳಿ ಒಳಗೆ ಬಂದಿದ್ದಾರೆಂದು ತಿಳಿಯಲು ಅಷ್ಟು ಸಾಕಿತ್ತು.

ಸುಮ್ಮನಿದ್ದರೆ ಇನ್ನಷ್ಟು ಹೊತ್ತು ಮಗುವನ್ನು ನೋಡಬಹುದಿತ್ತು. ಬಾಯಿಬಿಟ್ಟರೆ ಬೀಗಿತ್ತಿ ಅದನ್ನು ಈಗಿಂದೀಗಲೇ ಎತ್ತಿಕೊಂಡು ಹೊರಟುಬಿಡುತ್ತಾರೆ. ಮಾಮ ಕಂಡಕ್ಟರ ಮೀಸೆಯನ್ನೂ ಅದರ ಕೆಳಗೇ ಇದ್ದ, ಮಗುವಿನ ಗುಂಡುಸೂಜಿಯ ತಲೆಯಷ್ಟು ಮೂಗನ್ನೂ ನೋಡಿದರು. ದೇವರನ್ನು ನೆನೆದರು.

"ಬೀಗಿತ್ತಿಯವರೇ, ಕಂಡಕ್ಟ್ರೂ ನನ್ನ ಜೊತೆಗಿದ್ರು. ಅದೇ ವಾರ್ಡಲ್ಲಿ."

ಸ್ವಲ್ಪ ಹೊತ್ತು ಮಾತ್ರ, ಅದೂ ಮನುಷ್ಯತ್ವಕ್ಕೆ ಹೋಗಿದ್ದು ಎಂದು ಕಂಡಕ್ಟರು ಶುರು ಮಾಡುವಷ್ಟರಲ್ಲಿ ಮಗು ಬೀಗಿತ್ತಿಯ ಕೈ ಸೇರಿತ್ತು. ಅವರು ಯಾರನ್ನೂ ಬೈಯಲಿಲ್ಲ. ವಾರ್ಡಿನಲ್ಲಿ ನಿಂತು ಆಜ್ಞೆ ಕೊಡುವ ಹಳೆಯ ದನಿಯಲ್ಲಿ ತೀರ್ಪು ಹೇಳಿದರು. ನಾಳೆಯ ಪ್ರಯಾಣ ಇಲ್ಲ. ಮಗುವಿಗೆ ಏನಾದರೂ ತಗುಲಿದೆಯೋ ಎಂದು ಕೆಲವು ದಿನ ನೋಡಬೇಕು. ಮತ್ತೆ ಬಸ್ಸಿನಲ್ಲಿ ಊರೆಲ್ಲ ಸುತ್ತಿಸುವುದೂ ಬೇಡ. ಬಾಣಂತಿ, ಕೂಸು, ಇಬ್ಬರು ಅಜ್ಜಿಯರು ಎಲ್ಲರೂ ಇಲ್ಲೇ, ಈ ಮನೆಯಲ್ಲೇ ಇರುವುದು.

ಮಾಮನ ಕಿವಿಗೆ ಅಮೃತ ಸುರಿದಂತಾಯಿತು. ಕೆಲವು ದಿನ! ತನ್ನದೇ ಮನೆಯಲ್ಲಿ, ತನ್ನದೇ ಸೂರಿನಡಿ. ನಿಜ ನುಡಿದದ್ದಕ್ಕೆ ದೇವರು ಇಷ್ಟು ಬೇಗ ಫಲ ಕೊಟ್ಟದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

"ಅಪ್ಪ ಎಲ್ಲಿರ್ತಾರೆ?" ಎಂದು ಮಗಳು ಕೇಳಿದಳು.

ಬೀಗಿತ್ತಿ ಅದನ್ನೂ ಯೋಚಿಸಿದ್ದರು. "ಆಸ್ಪತ್ರೆಗೆ ಹೋಗಿ ಬಂದವರಿಬ್ರೂ ಒಂದೇ ಕಡೆ ಇರ್ಲಿ. ಪಕ್ಕದ ಮನೇಲಿ."

ಹಾಗೆ ತಕ್ಕಡಿ ಮಾಮ ತಮ್ಮ ಮನೆ ಬಿಟ್ಟು ಕಂಡಕ್ಟರ ಮನೆಯ ಚಾಪೆಯ ಮೇಲೆ ಕೂತರು. ಕಂಡಕ್ಟರು ಮುನಿಸಿಕೊಂಡು ಆ ಕಡೆ ತಿರುಗಿ ಮಲಗಿದ್ದರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರಾಚೆ ಮಗು ಅಳತೊಡಗಿತು. ಹೆಂಡತಿ ಲಾಲಿ ಹಾಡಿದರು, ಮಗಳು ಹಾಡಿದಳು, ಅಳು ನಿಲ್ಲಲಿಲ್ಲ. ಮಾಮ ಮೆಲ್ಲಗೆ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದರು. ಅಳು ತಟ್ಟನೆ ನಿಂತಿತು. ಅವರು ನಿಲ್ಲಿಸಿದರು, ಅಳು ಶುರುವಾಯಿತು. ಮತ್ತೆ ತಟ್ಟಿದರು, ನಿಂತಿತು. ಮಾಮನ ಮೈಯೆಲ್ಲ ಕಿವಿಯಾಯಿತು. ಗೋಡೆಗೆ ಕೆನ್ನೆಯೊತ್ತಿ, ಲಯ ತಪ್ಪದಂತೆ ತಟ್ಟುತ್ತಲೇ ಇದ್ದರು. ನಡುಗೋಡೆ ಸವೆದು ತೂತಾದರೂ ಸರಿಯೇ, ಈ ಕೈ ನಿಲ್ಲದು ಎಂದು ಸಂಕಲ್ಪ ಮಾಡಿದರು.

ಆಚೆಯಿಂದ ಬೀಗಿತ್ತಿಯ ದನಿ ಕೇಳಿತು.

"ಯಾರದು ಗೋಡೆ ಬಡಿಯೋದು? ಮಗು ಮಲಗಿದೆ."

ಮಾಮನ ಕೈ ಎತ್ತಿದ್ದಲ್ಲೇ ನಿಂತಿತು.