ಹನ್ನೆರಡನೇ ಮಂಚದ ಪೇಶಂಟು

ನಮ್ಮ ಅತ್ತೆ ಒಮ್ಮೆ ಒಂದು ಕುರ್ಚಿಯ ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಆರು ವಾರ ಅದರ ಮೇಲೆ ಯಾರೂ ಭಾರ ಹಾಕಕೂಡದು ಎಂದು ಚೀಟಿ ಅಂಟಿಸಿದ್ದರು ಎಂಬುದನ್ನಾದರೂ ನಂಬಿ! ಆರು ವಾರ ಮುಗಿದ ದಿನ ಪ್ಲಾಸ್ಟರ್ ಒಡೆದು, ಕುರ್ಚಿಯನ್ನು ಕೋಣೆಯ ತುಂಬ ನಾಲ್ಕು ಹೆಜ್ಜೆ ನಡೆಸಿ, "ಸ್ವಲ್ಪ ಕುಂಟತೈತಿ. ವಯಸ್ಸಾತಲ್ಲ, ಇಷ್ಟ ಸಾಕು" ಎಂದು ತೀರ್ಪು ಕೊಟ್ಟರು.

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ದೇವರು ಅಷ್ಟರಮಟ್ಟಿಗೆ ನನ್ನ ಮೇಲೆ ಕರುಣೆ ಇಟ್ಟಿದ್ದಾನೆ. ಇವರು ನಮ್ಮಪ್ಪನ ತಂಗಿ. ಜೀವಮಾನವಿಡೀ ಮಿಷನ್ ದವಾಖಾನೆಯಲ್ಲಿ ನರ್ಸು, ಕೊನೆಕೊನೆಗೆ ಮೇಟ್ರನ್. ಡಾಕ್ಟರುಗಳು ಕೂಡ ಇವರ ಚಪ್ಪಲಿ ಸದ್ದು ಕೇಳಿದರೆ ಸಿಗರೇಟು ಆರಿಸುತ್ತಿದ್ದರಂತೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ವಿಸಿಟಿಂಗ್ ಟೈಮ್ ಮುಗಿದ ಮ್ಯಾಲೂ ಎದ್ದು ಹೋಗದ ಮನಷ್ಯಾನ್ನ ಮನ್ಯಾಗ ಇಟ್ಕೊಳ್ಳೂದು ನನ್ನ ಕೈಲೆ ಆಗೂದಿಲ್ಲವಾ" ಎನ್ನುತ್ತಿದ್ದರು. ಈ ಉತ್ತರ ಕೇಳಿದ ಮೇಲೆ ಯಾರಾದರೂ ಎರಡನೇ ಪ್ರಶ್ನೆ ಕೇಳುತ್ತಾರೆಯೇ?

ನಾವು ಬೀದರ್ ಕಡೆಯಿಂದ ನೌಕರಿ ಹುಡುಕಿಕೊಂಡು ಹೈದರಾಬಾದಿಗೆ ಬಂದು ಇಲ್ಲಿಯವರೇ ಆಗಿಹೋದ ಕನ್ನಡ ಕ್ರೈಸ್ತರು. ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು, ದೇವರ ಹತ್ತಿರ ಮಾತ್ರ ಕನ್ನಡ. ನಾರಾಯಣಗೂಡದ ಒಂದು ಗಲ್ಲಿಯಲ್ಲಿ ನಮ್ಮ ಪುಟ್ಟ ಚರ್ಚು. ಅದರ ಹಿಂದೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಒಂದು ಕೋಣೆ. ಈ ಕತೆಯೆಲ್ಲ ನಡೆದದ್ದು ಆ ಕೋಣೆಗಾಗಿ.

ಅತ್ತೆ ನಿವೃತ್ತರಾದ ದಿನ ದವಾಖಾನೆಯವರು ಶಾಲು ಹೊದಿಸಲು ಬಂದರು. ಇವರು ಶಾಲು ಬೇಡ ಎಂದು, ಮಕ್ಕಳ ವಾರ್ಡಿನಿಂದ ಗುಜರಿಗೆ ಹೊರಟಿದ್ದ ಹನ್ನೆರಡು ಕಬ್ಬಿಣದ ಸಣ್ಣ ಮಂಚ ಕೇಳಿ ಪಡೆದರು. ಒಬ್ಬಂಟಿ ಹೆಂಗಸಿಗೆ ಹನ್ನೆರಡು ಮಂಚ ಯಾಕೆ? ಸನತ್‌ನಗರದ ಅವರ ಓಣಿಯಲ್ಲಿ ತಿಂಗಳುಗಟ್ಟಲೆ ಇದೇ ಚರ್ಚೆ. ಉತ್ತರ ಸಿಕ್ಕಿದ್ದು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಪ್ರಕಟಣೆಗಳ ವೇಳೆಗೆ. ಅತ್ತೆ ಎದ್ದು ನಿಂತು, ನಮ್ಮ ಜನರ ಹಳೆಯ ಸಾಮಾನುಗಳಿಗೆಲ್ಲ ಹಿಂದಿನ ಕೋಣೆಯಲ್ಲಿ ಒಂದು ಮ್ಯೂಸಿಯಂ ತೆಗೆಯುತ್ತೇನೆ ಎಂದುಬಿಟ್ಟರು.

ಕಮಿಟಿಯ ಸೆಕ್ರೆಟರಿ, ಅಂದರೆ ಚರ್ಚಿನ ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಮನುಷ್ಯ, ಬೆಚ್ಚಿಬಿದ್ದರು. "ಮ್ಯೂಸಿಯಂ ಅಂದ್ರ ನವಾಬರ ಸಾಮಾನು ಇರ್ತಾವ್ರಿ ಸಿಸ್ಟರ್. ನಮ್ಮ ಮಂದಿ ಹತ್ರ ಏನೈತ್ರಿ, ಮಣ್ಣು?"

"ನವಾಬರ ಸಾಮಾನು ಕಾಯಾಕ ಪೊಲೀಸರು ಅದಾರ. ನಮ್ಮ ಅವ್ವಗೋಳ ಸಾಮಾನು ಕಾಯಾಕ ಯಾರದಾರ? ಇಷ್ಟ ದಿನ ಮನಷ್ಯಾರ್‍ನ ನೋಡ್ಕೊಂಡೆ. ಅದೂ ದೇವರ ಸೇವಾ, ಇದೂ ದೇವರ ಸೇವಾ."

ಸೆಕ್ರೆಟರಿಗೆ ಆ ಕೋಣೆಯ ಮೇಲೆ ಬೇರೆಯದೇ ದೃಷ್ಟಿ ಇತ್ತು. ಆಗ ಈ ಊರಲ್ಲಿ ನಾಲ್ಕು ಗೋಡೆ ಖಾಲಿ ಕಂಡರೆ ಸಾಕು, ಮೂರು ತಿಂಗಳಲ್ಲಿ ಅಮೆರಿಕಕ್ಕೆ ಹತ್ತಿಸಿ ಕಳಿಸುವ ಕಂಪ್ಯೂಟರ್ ಕೋಚಿಂಗಿನ ಬೋರ್ಡು ಏಳುತ್ತಿತ್ತು. ಒಳ್ಳೆ ಬಾಡಿಗೆ ಕೊಡುವವನೊಬ್ಬ ಆಗಲೇ ಸಿಕ್ಕಿದ್ದ. ಜಗ್ಗಾಟ ನಡೆದು ಕೊನೆಗೆ ಕಮಿಟಿ ಹೀಗೆ ತೀರ್ಮಾನಿಸಿತು: ಬೆಳೆಯ ಪಾಲನ್ನು ಚರ್ಚಿಗೆ ತಂದು ಅರ್ಪಿಸುವ ಸುಗ್ಗಿ ಹಬ್ಬದ ಭಾನುವಾರದ ಹೊತ್ತಿಗೆ ಹನ್ನೆರಡೂ ಮಂಚ ತುಂಬಿದ್ದರೆ ಕೋಣೆ ಮ್ಯೂಸಿಯಮ್ಮಿಗೆ. ಒಂದು ಖಾಲಿ ಉಳಿದರೂ ಕೋಚಿಂಗಿಗೆ.

ಪೇಶಂಟುಗಳು ಬರತೊಡಗಿದವು. ನಾನು ತಮಾಷೆಗೆ ಹಾಗೆ ಹೇಳುತ್ತಿಲ್ಲ, ಅತ್ತೆಯೇ ಹಾಗೆ ಕರೆಯುತ್ತಿದ್ದರು. ಒಂದೊಂದು ಸಾಮಾನಿಗೆ ಒಂದೊಂದು ಮಂಚ, ಮಂಚದ ತಲೆಗೆ ಕೇಸ್ ಶೀಟು. ಹಾರ್ಮೋನಿಯಂ: "ಉಬ್ಬಸ. ಮೇಲಿನ ಸ್ವರಕ್ಕೆ ಹೋದರೆ ಕೆಮ್ಮು." ಗೋಡೆ ಗಡಿಯಾರ: "ನಾಡಿ ನಿಧಾನ, ಗಾಬರಿ ಬೇಡ." ಹಳೆಯ ಗೀತೆ ಪುಸ್ತಕ: "ಚರ್ಮರೋಗ. ಮುಟ್ಟಿದವರು ಕೈ ತೊಳೆಯುವುದು." ಪಾಸ್ಟರು ಬೋಧನೆ ಮಾಡುವ ಕಟ್ಟಿಗೆಯ ಪ್ರಸಂಗಪೀಠ ಹುಳ ಹಿಡಿದು ಬಂದಾಗ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿ, ಒಂದೊಂದು ತೂತಿಗೂ ಸೂಜಿ ಚುಚ್ಚುತ್ತ, "ಆತು, ಆತು, ಇನ್ನೊಂದ ಸ್ವಲ್ಪ ತಡಕೋ" ಎಂದು ಕಟ್ಟಿಗೆಗೆ ಸಮಾಧಾನ ಹೇಳುತ್ತಿದ್ದುದನ್ನು ನಾನು ಈ ಕಣ್ಣಾರೆ ನೋಡಿದ್ದೇನೆ. ಆ ಪೀಠದ ಮೇಲೆ ನಿಂತು ಐವತ್ತು ವರ್ಷ ಪ್ರಸಂಗ ಮಾಡಿದವರಲ್ಲಿ ಯಾರೂ ಅದಕ್ಕೆ ಇಷ್ಟು ಸಾಂತ್ವನ ಹೇಳಿರಲಿಕ್ಕಿಲ್ಲ!

ನೋಡಲು ಬರುವವರಿಗೆ ಸಂಜೆ ನಾಲ್ಕರಿಂದ ಆರು. ಆರಕ್ಕೆ ಗಂಟೆ. ಒಮ್ಮೆ ಸುದ್ದಿ ಕೇಳಿ ಬಿಷಪ್ಪರೇ ಬಂದರು. ಪಾಪ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಲುಪಿದ್ದು ಐದೂ ಐವತ್ತಕ್ಕೆ. ಮೂರನೇ ಮಂಚದ ಮುಂದೆ ನಿಂತಿದ್ದರು, ಗಂಟೆ ಬಡಿಯಿತು.

"ಟೈಮ್ ಆತ್ರಿ ಬಿಷಪ್ ಸಾಹೇಬ್ರ. ಪೇಶಂಟ್‌ಗೋಳು ಮಲಗಬೇಕು."

"ಸಿಸ್ಟರ್, ನಾ ಬಿಷಪ್..."

"ಹಂಗಾರ ನೀವ ಮೊದಲ ನಿಯಮ ಪಾಲಿಸಬೇಕ್ರಿ."

ಬಿಷಪ್ಪರು ಉಳಿದ ಮಂಚಗಳನ್ನು ಹೊರಗಿನ ಕಿಟಕಿಯಿಂದ ನೋಡಿ, ಅಲ್ಲಿಂದಲೇ ಆಶೀರ್ವಾದ ಮಾಡಿ ಹೋದರು.

ಸರಿ, ಸೂರು ಸೋರುತ್ತಿತ್ತು, ಗೋಡೆಗೆ ಗಿಲಾವು ಬೇಕು, ಕಿಟಕಿಗೆ ಗಾಜು ಬೇಕು. ರೊಕ್ಕ? ಚಂದಾ ಎತ್ತೋಣ ಎಂದೆ. "ಕೈ ಚಾಚಾಕ ನಾ ನರ್ಸಿಂಗ್ ಕಲತಿಲ್ಲ. ಈ ಚರ್ಚ್ ಹ್ಯಾಂಗ ಎದ್ದೈತಿ? ಹಿಡಿ ಅಕ್ಕೀಲೆ. ಮ್ಯೂಸಿಯಮ್ಮೂ ಹಂಗ ಏಳತೈತಿ" ಎಂದರು ಅತ್ತೆ.

ಹಿಡಿ ಅಕ್ಕಿ ಎಂದರೆ ನಮ್ಮ ಹೆಂಗಸರ ಹಳೆಯ ಪದ್ಧತಿ. ದಿನಾ ಅನ್ನಕ್ಕೆ ಇಡುವ ಮೊದಲು ಆ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ಭಾನುವಾರ ಅದನ್ನು ಚರ್ಚಿಗೆ ಒಯ್ದು ಕಾಣಿಕೆ ಕೊಡುವುದು. ಮನೆಯಲ್ಲಿ ಮೂರೇ ಹಿಡಿ ಇದ್ದ ದಿನವೂ ಒಂದು ಹಿಡಿ ದೇವರದು. ಈ ಪದ್ಧತಿ ನಮ್ಮ ಅವ್ವಂದಿರ ಜೊತೆಗೇ ನಿಂತಿತ್ತು. ಅತ್ತೆ ಮೂವತ್ತು ಹೊಸ ಡಬ್ಬಿ ತಂದು, ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಚರ್ಚಿನ ಹುಡುಗ ಹುಡುಗಿಯರಿಗೆ ಹಂಚಿದರು. ದಿನಾ ಅಡುಗೆಗೆ ಮೊದಲು ಒಂದು ಹಿಡಿ, ಮರೆಯಬಾರದು!

ತಿಂಗಳಾದ ಮೇಲೆ ಡಬ್ಬಿಗಳು ಮರಳಿದವು. ಮುಚ್ಚಳ ತೆಗೆದರೆ ಒಂದರಲ್ಲೂ ಅಕ್ಕಿ ಇಲ್ಲ! ಒಂದರಲ್ಲಿ ಪಿಜ್ಜಾ ಜೊತೆ ಬರುವ ಸಾಸಿನ ಪಾಕೀಟು. ಒಂದರಲ್ಲಿ ನೂಡಲ್ಸಿನ ಮಸಾಲೆ. ಉಳಿದವುಗಳ ತುಂಬ, ಕಂಪನಿಗಳು ಸಂಬಳದ ಜೊತೆ ಕೊಡುವ ಊಟದ ಕೂಪನ್ನು.

"ಇದೇನೋ ಇದು?" ಅತ್ತೆ ಒಬ್ಬ ಹುಡುಗನನ್ನು ಹಿಡಿದು ಕೇಳಿದರು.

"ಅಡಿಗಿ ಯಾರ್ ಮಾಡ್ತಾರ್ರಿ ಆಂಟಿ? ರೂಮಿನ್ಯಾಗ ಸ್ಟವ್ವ ಇಲ್ಲ. ಊಟಕ್ಕ ಮೊದಲ ಒಂದ್ ಕೂಪನ್ ತಗದ್ ಇಟ್ಟೀನ್ರಿ, ಡೈಲಿ. ನಿಮ್ಮಾಣಿ!"

ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ? ಅತ್ತೆ ಕೂಪನ್ನು ಎಣಿಸಿ ನೋಡಿ, "ಹಿಡಿ ಅನ್ನೂದು ಹಿಡೀನ" ಎಂದು ಒಪ್ಪಿಕೊಂಡರು. ಆದರೆ ಕೂಪನ್ನು ನಡೆಯುವುದು ಹೋಟೆಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ. ಸಿಮೆಂಟ್ ಅಂಗಡಿಯವನಿಗೆ ಕೊಟ್ಟರೆ ಅವನು ಎರಡೂ ಮಗ್ಗಲು ತಿರುಗಿಸಿ ನೋಡಿ, "ಇದರ ಮೇಲೆ ಇಡ್ಲಿ ಕೊಡ್ತಾರಮ್ಮಾ, ಸಿಮೆಂಟ್ ಕೊಡಲ್ಲ" ಎಂದು ತೆಲುಗಿನಲ್ಲಿ ಹೇಳಿ ಕಳಿಸಿದ. ಅತ್ತೆ ಬಿಟ್ಟಾರೆಯೇ? ತಮ್ಮ ಓಣಿಯ ಹೆಂಗಸರಿಂದೆಲ್ಲ ಚೀಟಿ ಬರೆಸಿಕೊಂಡು, ಕೂಪನ್ನಿನಲ್ಲಿ ಅವರ ಕಿರಾಣಿ ತಂದುಕೊಟ್ಟು, ಅವರಿಂದ ರೊಕ್ಕ ಪಡೆದು ಸಿಮೆಂಟು ತಂದರು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಮನಿ ಲಾಂಡರಿಂಗ್ ಎಂಬ ಕೆಟ್ಟ ಹೆಸರಿದೆ. ಅತ್ತೆಗೆ ನಾನು ಅದನ್ನು ಹೇಳಲಿಲ್ಲ.

ಗಿಲಾವಿಗೆ ಬಂದ ಮೇಸ್ತ್ರಿ ಯಾದಗಿರಿ ಕಡೆಯವನು. ಕೂಲಿ ಅತ್ತೆಯ ಪಿಂಚಣಿಯಿಂದ, ಮಧ್ಯಾಹ್ನದ ಊಟ ಉಳಿದ ಕೂಪನ್ನಿನಿಂದ. ಊಟ ಎಂದರೆ ಬಿರಿಯಾನಿ. ಮೊದಲ ದಿನ ಅವನು ಅತ್ತೆಗೆ ಕೈಮುಗಿದ. ಎರಡನೇ ದಿನ ಹಾಡುತ್ತ ಕೆಲಸ ಮಾಡಿದ. ಐದನೇ ದಿನ ಹೊಟ್ಟೆ ಹಿಡಿದುಕೊಂಡು ಕೂತ.

"ಅಮ್ಮಾರ, ನಿಮ್ಮ ಕಾಲ್ ಬೀಳ್ತೀನ್ರಿ. ಹೊಟ್ಟಿ ಭಾಳ ಉರಿಯಾಕತ್ತೈತಿ. ಒಂದ್ ದಿನ ರೊಟ್ಟಿ, ಪುಂಡಿಪಲ್ಯ ಕೊಡ್ರಿ, ಇನ್ನೆರಡ ಗ್ವಾಡಿ ಪುಕ್ಕಟ ಬಳದ ಕೊಡ್ತೀನಿ!"

ಮರುದಿನದಿಂದ ಅತ್ತೆ ರೊಟ್ಟಿ ಬಡಿದು ತಂದರು. ಅವನೂ ಮಾತಿಗೆ ತಪ್ಪಲಿಲ್ಲ, ಎರಡು ಗೋಡೆಯ ಸುಣ್ಣ ಪುಕ್ಕಟೆಯೇ ಆಯಿತು.

ಹನ್ನೊಂದು ಮಂಚ ತುಂಬಿದವು. ಹನ್ನೆರಡನೆಯದು ಖಾಲಿ. ಅದು ಹಿಡಿ ಅಕ್ಕಿಯ ಹಳೆಯ ಡಬ್ಬಿಗೆಂದು ಇಟ್ಟದ್ದು, ಆ ಡಬ್ಬಿ ಯಾರ ಮನೆಯಲ್ಲೂ ಇಲ್ಲ. ಒಬ್ಬರು ಗುಜರಿಗೆ ಹಾಕಿದ್ದರು. ಒಬ್ಬರು ಮಣ್ಣು ತುಂಬಿ ಕರಿಬೇವು ಹಚ್ಚಿದ್ದರು. ಒಂದು ದಿನ ಅತ್ತೆ ತಾರ್ನಾಕದ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲೇ ಸ್ಟೂಲು ಹಾಕಿಕೊಂಡು ಕೂತು ಚಹಾ ಕುಡಿಯುತ್ತ ಕೇಳಿದರು.

"ವೈನಿ ಡಬ್ಬಿ ಎಲ್ಲೈತಿ?"

ವೈನಿ ಎಂದರೆ ಅವರ ಅಣ್ಣನ ಹೆಂಡತಿ, ನಮ್ಮವ್ವ ಎಸ್ತೇರಮ್ಮ. ತೀರಿಕೊಂಡು ಆಗಲೇ ಆರು ವರ್ಷ.

"ಮನಿ ಬದಲಿ ಮಾಡೂಮುಂದ ಎಲ್ಲೋ ಹೋತ್ರಿ ಅತ್ತಿ" ಎಂದೆ.

"ಹೌದ?" ಎಂದು ಮೇಲಿನ ಗೂಡಿನ ಕಡೆ ಒಮ್ಮೆ ನೋಡಿ, ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಬೈದು, ಎದ್ದು ಹೋದರು.

ಸುಳ್ಳು. ಡಬ್ಬಿ ಆ ಗೂಡಿನಲ್ಲೇ, ಉಪ್ಪಿನಕಾಯಿ ಭರಣಿಯ ಹಿಂದೆ ಇತ್ತು. ಕೊಡಲು ಮನಸ್ಸಿರಲಿಲ್ಲ. ಬದಲಿಗೆ ಅವ್ವನ ಹಿತ್ತಾಳೆ ಚರಿಗೆ ಕೊಡುತ್ತೇನೆ, ಮಂಚ ತುಂಬಲಿ ಎಂದು ಎರಡು ಸಲ ಹೇಳಿದೆ. "ಬ್ಯಾಡ. ಆ ಮಂಚ ಆ ಡಬ್ಬೀದ" ಎಂದರು ಅತ್ತೆ. ಕೋಣೆ ಹೋದರೂ ಸರಿಯೇ ಎಂಬಂಥ ಹಟ!

ಸುಗ್ಗಿ ಹಬ್ಬ ಬಂತು. ಚರ್ಚಿನ ಬಾಗಿಲಿಗೆ ಕಬ್ಬು, ಜೋಳದ ತೆನೆ, ಒಳಗೆ ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಎರಡು ಕೋಳಿ. ಆರಾಧನೆಗೆ ಮುಂಚೆ ಸೆಕ್ರೆಟರಿ ಬೀಗದ ಕೈ ಝಣಗುಟ್ಟಿಸುತ್ತ ಪರೀಕ್ಷೆಗೆ ಬಂದರು. ಹಿಂದೆ ಪಾಸ್ಟರು, ಅವರ ಹಿಂದೆ ನಾನು. ಏಳನೇ ಮಂಚದ ಮೇಲೆ ಹಳೆಯ ಸಂಡೇ ಸ್ಕೂಲಿನ ಹಾಜರಿ ಪುಸ್ತಕ ಬಿಚ್ಚಿಟ್ಟಿತ್ತು, ಸರಿಯಾಗಿ ಸೆಕ್ರೆಟರಿಯವರ ಬಾಲ್ಯದ ಪುಟಕ್ಕೆ. ಸಾಲಿನ ತುಂಬ ಗೈರುಹಾಜರಿ. ಕೇಸ್ ಶೀಟಿನಲ್ಲಿ, "ಹಳೇ ಬ್ಯಾನಿ. ಈಗ ಗುಣವಾದಂತೆ ಕಾಣುತ್ತದೆ" ಎಂದಿತ್ತು. ಪಾಸ್ಟರು ಕೆಮ್ಮಿದರು. ಸೆಕ್ರೆಟರಿ ಎಂಟು, ಒಂಬತ್ತು, ಹತ್ತು, ಹನ್ನೊಂದನ್ನು ಓಡುತ್ತಲೇ ದಾಟಿ, ಹನ್ನೆರಡರ ಮುಂದೆ ನಿಂತು ಚೇತರಿಸಿಕೊಂಡರು.

"ಇದು ಖಾಲಿ ಐತಲ್ರಿ ಸಿಸ್ಟರ್! ಮಾತು ಅಂದ್ರ ಮಾತು."

"ಖಾಲಿ ಇಲ್ಲ. ಶೀಟ್ ಓದ್ರಿ."

ಸೆಕ್ರೆಟರಿಯವರ ಕನ್ನಡಕ ಜೇಬಿನಲ್ಲಿತ್ತು. ಅವರು ಅದನ್ನು ತೆಗೆಯುವುದರೊಳಗೆ ನಾನು ಓದಿಬಿಟ್ಟೆ.

"ಹೆಸರು: ಹಿಡಿ ಅಕ್ಕಿ ಡಬ್ಬಿ. ಯಾರದು: ಎಸ್ತೇರಮ್ಮ. ಸದ್ಯ ಎಲ್ಲಿ: ತಾರ್ನಾಕ, ಉಪ್ಪಿನಕಾಯಿ ಭರಣಿಯ ಹಿಂದೆ. ಸೂಚನೆ: ಮಗಳಿಗೆ ಇನ್ನೂ ಕಳಿಸಿಕೊಡಲು ಆಗುತ್ತಿಲ್ಲ. ಯಾರೂ ಅವಸರ ಮಾಡಬಾರದು."

ಕೆಳಗಿದ್ದ ತಾರೀಖು ಅತ್ತೆ ನಮ್ಮ ಮನೆಗೆ ಚಹಾಕ್ಕೆ ಬಂದ ದಿನದ್ದು.

ನಾನು ಹೊರಗೆ ಬಂದು ಆಟೋ ಹಿಡಿದೆ. ತಾರ್ನಾಕಕ್ಕೆ ಹೋಗಿ ಬರಲು ಅವನು ಕೇಳಿದ ರೊಕ್ಕಕ್ಕೆ ಬೇರೆ ದಿನವಾದರೆ ನಾನು ಅವನ ಏಳು ತಲೆಮಾರು ಜಾಲಾಡುತ್ತಿದ್ದೆ. ಆವತ್ತು ಕೇಳಿದಷ್ಟು ಕೊಟ್ಟೆ. ತಿರುಗಿ ಬಂದಾಗ ಒಳಗೆ ಕಾಣಿಕೆಯ ಹಾಡು ನಡೆದಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಮುಚ್ಚಳ ತೆಗೆದು ಒಳಗೆ ಕೈ ಹಾಕಿದರು. ಅಕ್ಕಿ ಇತ್ತು. ಅರ್ಧ ನುಸಿ ತಿಂದು ಹಿಟ್ಟಾಗಿತ್ತು.

"ಎಷ್ಟ್ ಹಿಡಿ?"

"ನಾಕು" ಎಂದೆ. "ಸೋಮವಾರದಿಂದ ಗುರುವಾರದ ತನಕ."

ಗುರುವಾರ ಮಧ್ಯಾಹ್ನವೇ ಅವ್ವನನ್ನು ಅತ್ತೆಯ ವಾರ್ಡಿಗೆ ಸೇರಿಸಿದ್ದು. ಶನಿವಾರ ಹೋಗಿಬಿಟ್ಟಳು. ಆ ನಾಲ್ಕು ಹಿಡಿಯನ್ನು ಅನ್ನ ಮಾಡಲೂ ಆಗದೆ, ಚೆಲ್ಲಲೂ ಆಗದೆ ಆರು ವರ್ಷ ಹಾಗೇ ಇಟ್ಟುಕೊಂಡಿದ್ದೆ. ಕೊಟ್ಟರೆ ಅವ್ವ ನಿಜವಾಗಿಯೂ ಹೋದಂತೆ ಎಂದು ನನಗೆ ಹೆದರಿಕೆ ಇತ್ತು.

ಅತ್ತೆ ಮುಚ್ಚಳ ಮುಚ್ಚಿದರು. "ಐತವಾರದೊಳಗ ಮನಿಗೆ ಕಳಸ್ತೀನಿ ವೈನಿ ಅಂತ ಮಾತ ಕೊಟ್ಟಿದ್ದೆ. ಕಾಣಿಕಿ ಮುಟ್ಟಸಬೇಕು, ಕಾಣಿಕಿ ಮುಟ್ಟಸಬೇಕು ಅಂತಿದ್ಲು. ನನ್ನ ಕೈಲೆ ಆಗಲಿಲ್ಲ. ಮೊದಲ ಒಳಗ ನಡಿ. ಇದು ಕಾಣಿಕಿ. ಮ್ಯೂಸಿಯಂ ಆಮ್ಯಾಲೆ."

ಕುಂಬಳಕಾಯಿ, ಬಾಳೆಗೊನೆಗಳ ನಡುವೆ ಅವ್ವನ ನಾಲ್ಕು ಹಿಡಿ ಅಕ್ಕಿಯನ್ನು ನಾವಿಬ್ಬರೂ ಸೇರಿ ಸುರಿದೆವು. ನುಸಿ ಹರಿದಾಡಿತು, ಯಾರೂ ಮೂಗು ಮುರಿಯಲಿಲ್ಲ. ಸೆಕ್ರೆಟರಿ ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಚ್ಚಿ ಅತ್ತೆಯ ಕೈಯಲ್ಲಿಟ್ಟು, ಕಣ್ಣಿಗೆ ಧೂಳು ಬಿದ್ದವರಂತೆ ಹೊರಗೆ ಹೋದರು.

ಖಾಲಿ ಡಬ್ಬಿ ಹನ್ನೆರಡನೇ ಮಂಚ ಏರಿತು. ಮುಂದಿನ ವಾರ ಆಫೀಸಿನಿಂದ ಓಡೋಡಿ ಹೋದರೂ ತಲುಪಿದಾಗ ಆರೂವರೆ. ಬಿಷಪ್ಪರಿಗೇ ಸಿಗದ ರಿಯಾಯಿತಿ ನನಗೆಲ್ಲಿಂದ ಎಂದು ಬಾಗಿಲಲ್ಲೇ ನಿಂತೆ. ಅತ್ತೆ ಬೀಗ ತೆಗೆದು ದೀಪ ಹಾಕಿದರು. ಶೀಟು ಹೊಸದಾಗಿತ್ತು. ಕೊನೆಯ ಸಾಲಿನಲ್ಲಿ ಅವರ ಗುಂಡು ಅಕ್ಷರ:

"ಭೇಟಿಯ ವೇಳೆ: ನಾಲ್ಕರಿಂದ ಆರು. ಮಗಳು ಬಂದರೆ, ಯಾವಾಗ ಬೇಕಾದರೂ."