ಎಸಿ ನೀರು ಮತ್ತು ಕೆಳಮನೆಯ ಮೂಗು

ಬೀದರ್, ಭಾಲ್ಕಿ, ಔರಾದ್ ಕಡೆ ಮನೆಮನೆಗೆ ಹೋಗಿ ಎಸಿ ಕೂಡಿಸುವುದು ನನ್ನ ಕಸುಬು. ಎಸಿ ತಂಪು ಕೊಡುತ್ತದೆಂದು ಎಲ್ಲರಿಗೂ ಗೊತ್ತು. ನೀರನ್ನೂ ಕೊಡುತ್ತದೆಂದು ಕೂಡಿಸಿದ ಮೇಲೆ ಗೊತ್ತಾಗುತ್ತದೆ. ಆ ನೀರನ್ನು ಎಲ್ಲಿಗೆ ಬಿಡಬೇಕು ಎನ್ನುವಲ್ಲಿಂದಲೇ ತಮಾಷೆ ಶುರು. ಮೊದಲೆಲ್ಲ ಸಂಜೆ ಬಂದು ಹೆಂಡತಿಗೆ ಹೇಳಿ ನಗಿಸುತ್ತಿದ್ದೆ. ಅವಳು ತೀರಿಕೊಂಡ ಮೇಲೆ ತಮಾಷೆಗಳೇನೂ ನಿಂತಿಲ್ಲ, ಕೇಳುವವರು ಮಾತ್ರ ಇಲ್ಲ.

ಅಳಿಯನ ಜಳಕ

ಭಾಲ್ಕಿಯ ಮಾಸ್ತರರೊಬ್ಬರು ಅಳಿಯ ಬರುತ್ತಾನೆಂದು ಹೊಸ ಎಸಿ ಹಾಕಿಸಿದರು. ಅಳಿಯ ಬಂದ ದಿನದಿಂದಲೇ ಕೋಣೆಯಲ್ಲಿ ಗಬ್ಬು ವಾಸನೆ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಅತ್ತೆ ಊದಿನಕಡ್ಡಿ ಹಚ್ಚಿದರು, ಮಾವ ಹೊಸ ಸಾಬೂನು ತಂದಿಟ್ಟರು. ಅಳಿಯನಿಗೂ ತನ್ನ ಮೇಲೇ ಅನುಮಾನ ಬಂದು ಹೊತ್ತಿಗೊಮ್ಮೆ ಜಳಕ ಮಾಡತೊಡಗಿದ.

ನಾನು ಹೋಗಿ ನೋಡಿದರೆ, ಎಸಿ ಕೂಡಿಸಿದ ಪುಣ್ಯಾತ್ಮ ನೀರಿನ ಪೈಪನ್ನು ನೆಟ್ಟಗೆ ಸೆಪ್ಟಿಕ್ ಟ್ಯಾಂಕಿಗೆ ಇಳಿಬಿಟ್ಟಿದ್ದ. ನೀರು ಇಳಿಯುವ ದಾರಿಯಲ್ಲೇ ವಾಸನೆ ಏರಿ ಬರುತ್ತಿತ್ತು. ನಡುವೆ ಒಂದು ಬಾಗಿದ ಪೈಪು ಹಾಕಿದೆ. ಅದರಲ್ಲಿ ನಿಂತ ನೀರೇ ವಾಸನೆಗೆ ಅಡ್ಡ. ಅಳಿಯನಿಗೆ ಹೇಳಲು ಹೊರಟರೆ ಮಾಸ್ತರರು ಕೈಹಿಡಿದು ಪಕ್ಕಕ್ಕೆ ಎಳೆದರು.

"ಸುಮ್ಮನಿರ್ರಿ. ಮದುವಿ ಆದಾಗಿಂದ ಇಷ್ಟು ಜಳಕಾ ಮಾಡಿದ್ದಿಲ್ರಿ. ಮಗಳು ಖುಷಿ ಅದಾಳ."

ಬೀದರ್ ತನಕ ಬೈಕಿನ ಮೇಲೆ ಒಬ್ಬನೇ ನಕ್ಕೆ. ಮನೆಯ ಬೀಗ ತೆಗೆಯುವಾಗ ನಗು ಮುಗಿದಿತ್ತು.

ಔರಾದಿನ ಗಿಡ

ಔರಾದಿನ ಒಬ್ಬ ಯಜಮಾನರು, ಎಸಿ ನೀರು ಬಿಟ್ಟರೆ ಸೆಪ್ಟಿಕ್ ಟ್ಯಾಂಕು ಬೇಗ ತುಂಬುತ್ತದೆಂದು ಹಟ ಹಿಡಿದು ಪೈಪಿನ ಕೆಳಗೆ ಬಕೆಟ್ ಇಟ್ಟರು. ಆ ನೀರು ಪಡಸಾಲೆಯ ಒಂದು ಗಿಡಕ್ಕೆ. ಮಳೆಗಾಲದಲ್ಲಿ ಹೋದಾಗ ನೋಡುತ್ತೇನೆ, ಹೊರಗೆ ಜಡಿಮಳೆ, ಒಳಗೆ ಎಸಿ ಜೋರಾಗಿ ನಡೆದಿದೆ, ಯಜಮಾನರು ಎರಡು ಕಂಬಳಿ ಹೊದ್ದು ನಡುಗುತ್ತಿದ್ದಾರೆ. ಬಂದ್ ಮಾಡಬಾರದೇ ಎಂದು ಕೇಳಿದೆ.

"ಹ್ಯಾಂಗ ಮಾಡ್ಲಿರಿ? ಗಿಡಕ್ಕ ರೂಢಿ ಆಗೇದ. ನಳದ ನೀರು ಸೇರಂಗಿಲ್ಲ."

ಕೆಳಮನೆ ಕಾಕಾ

ನಾನಿರುವುದು ಬೀದರಿನ ಕೊಳಾರದ ಕಡೆ, ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಗಾಂಧಿ ಗಂಜದ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಕಾಕಾ, ಅವರೂ ಒಬ್ಬರೇ. ನಮಸ್ಕಾರಕ್ಕೂ ಬಾಯಿ ತೆರೆಯದ ಆಸಾಮಿ. ಇಬ್ಬರ ಎಸಿಗೂ ಸೇರಿ ಒಂದೇ ಬಾಗಿದ ಪೈಪು. ಚಳಿಗಾಲದಲ್ಲಿ ಎಸಿ ಹಚ್ಚದೆ ಅದರ ನೀರು ಒಣಗಿ, ಸೆಪ್ಟಿಕ್ ಟ್ಯಾಂಕಿನ ವಾಸನೆ ಎರಡೂ ಮನೆಗೆ ನುಗ್ಗಿತು. ಕಾಕಾ ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲೇರಿ ಬಂದರು.

"ಊರ ಮಂದಿ ವಾಸನಿ ನಿಲ್ಲಸ್ತೀರಿ. ನಿಮ್ಮ ಮನೀದು ನಿಲ್ಲಸಾಕ ಬರಂಗಿಲ್ಲೇನು?"

ಪೈಪಿಗೆ ಒಂದು ತಂಬಿಗೆ ನೀರು ಹೊಯ್ದೆ. ವಾಸನೆ ಹೋಗುವ ತನಕ ಕೂಡಿರೆಂದು ಛಾ ಕೊಟ್ಟು, ಭಾಲ್ಕಿಯ ಅಳಿಯನ ಕಥೆ ಹೇಳಿದೆ. ಕಾಕಾ ನಕ್ಕ ರಭಸಕ್ಕೆ ಛಾ ಮೂಗಿಗೇರಿತು. ನನ್ನ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಮರುದಿನ ಅವರು ಬರಲಿಲ್ಲ. ವಾಸನೆಯೇ ಇಲ್ಲ, ಯಾಕೆ ಬಂದಾರು? ನಾನು ನೀರು ಹೊಯ್ಯುವುದನ್ನೇ ಬಿಟ್ಟೆ. ಕೆಲವು ದಿನಕ್ಕೆ ಪೈಪು ಮತ್ತೆ ಒಣಗಿ ವಾಸನೆ ಮರಳಿತು. ವಾಸನೆ ನಿಲ್ಲಿಸುವ ಕಸುಬಿನ ನಾನೇ ನನ್ನ ಮನೆಯಲ್ಲಿ ಗಬ್ಬು ವಾಸನೆ ಕುಡಿಯುತ್ತ, ಮೆಟ್ಟಿಲ ಸಪ್ಪಳಕ್ಕೆ ಕಿವಿಕೊಟ್ಟು ಕೂತಿದ್ದೆ. ಕಾಕಾ ಬಂದರು. ಔರಾದಿನ ಗಿಡದ ಕಥೆಯೂ ಆಯಿತು. ಹೀಗೇ ಅರ್ಧ ಚಳಿಗಾಲ ಕಳೆಯಿತು.

ಆಮೇಲೆ ಕಾಕಾಗೆ ಕೆಮ್ಮು ಹತ್ತಿತು. ನನಗೆ ನಾಚಿಕೆಯಾಗಿ ಪೈಪಿನ ತುಂಬ ನೀರು ಹೊಯ್ದೆ. ವಾಸನೆ ಪೂರ್ತಿ ಹೋಯಿತು. ಇನ್ನು ಈ ಮನೆಗೆ ಯಾರೂ ಬರುವುದಿಲ್ಲ ಎಂದುಕೊಂಡು ಒಬ್ಬನಿಗಷ್ಟೇ ಛಾ ನೀರು ಅಳೆದೆ.

ಮೆಟ್ಟಿಲ ಮೇಲೆ ಸಪ್ಪಳ. ಬಾಗಿಲಲ್ಲಿ ಕಾಕಾ, ಮೂಗಿಗೆ ಅದೇ ಕರವಸ್ತ್ರ.

"ಇವತ್ತ ಭಾಳ ವಾಸನಿ ಅದರಿ."

ನಾನು ಚೆನ್ನಾಗಿ ಮೂಸಿ ನೋಡಿದೆ. ಎಲ್ಲೂ ಏನೂ ಇರಲಿಲ್ಲ.

"ಹೌದ್ರಿ ಕಾಕಾ, ತಡಕೊಳ್ಳಾಕ ಆಗವಲ್ದು," ಎಂದು ಪಾತ್ರೆಗೆ ಇನ್ನೊಂದು ಕಪ್ ನೀರು ಸುರಿದೆ.