ಹೆಸರಿಲ್ಲದ ಬಂದೂಕಿನ ತವರುಮನೆ

ನಾನು ಹಟಮಾರಿ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುವುದು ಒಳ್ಳೆಯದು. ಹೇಳಲು ಕಾದಿರುವವರ ಸಾಲು ಸಿಂಧನೂರಿನ ನಮ್ಮ ಮನೆ ಬಾಗಿಲಿನಿಂದ ಬಸ್ ನಿಲ್ದಾಣದವರೆಗೂ ಇದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಉತ್ತರ ಸರಿಯಿದ್ದರೂ ಲೆಕ್ಕ ಬಿಡಿಸಿದ ಕ್ರಮ ತಪ್ಪಿದ್ದರೆ ಅಂಕ ಕೊಟ್ಟವಳಲ್ಲ. ಅಂಥವಳ ಮುಂದೆ ನಿಂತು, ನನ್ನ ಹಡೆದವ್ವನ ಏರ್‌ಗನ್ನನ್ನು ಕೈಯಲ್ಲಿ ಹಿಡಿದು, "ಇದು ನಮ್ಮ ಮುತ್ಯಾಂದು" ಎಂದು ತನ್ನ ಅಜ್ಜನ ಲೆಕ್ಕಕ್ಕೆ ಬರೆದರೆ ಸುಮ್ಮನಿರುತ್ತೇನೆಯೇ?

ಹಾಗೆ ಅಂದವನು ನನ್ನ ಮೈದುನ ಶರಣಬಸವ. ಲಿಂಗಸುಗೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಅದರ ಪಡಸಾಲೆಯ ಒಂದು ಗೋಡೆ ಬೋಳುಬೋಳಾಗಿ ಕಾಣುತ್ತದಂತೆ. ಒಂದು ಭಾನುವಾರ ಬಂದವನೇ ಅಟ್ಟದ ಮೇಲಿನಿಂದ ಬಂದೂಕು ಇಳಿಸಿ, ಧೂಳು ಊದಿ ಹೇಳಿದ: "ವೈನಿ, ಇದನ್ನ ಗ್ವಾಡಿಗೆ ಹಾಕ್ತೀನಿ. ನಿಜಾಮನ ಕಾಲದ್ದು. ಮುತ್ಯಾಗ ಒಬ್ಬ ಸುಬೇದಾರ ಖುಷ್ ಆಗಿ ಕೊಟ್ಟಿದ್ದು. ಕೆಳಗ ಹಾಕಾಕ ಬೋರ್ಡ್ ಬರಸಾಕತ್ತೀನಿ."

ನಮ್ಮ ಕಡೆ ಯಾವ ಹಳೆಯ ಸಾಮಾನಾದರೂ ಹೋಗಿ ನಿಲ್ಲುವುದು ನಿಜಾಮನ ಕಾಲದಲ್ಲೇ. ಮುಚ್ಚಳವಿಲ್ಲದ ಪಾನ್‌ದಾನ್, ಗಂಟೆ ಹೊಡೆಯದ ಗಡಿಯಾರ, ಮೂರು ಕಾಲಿನ ಕುರ್ಚಿ, ಎಲ್ಲವೂ ಯಾರೋ ಖುಷ್ ಆಗಿ ಕೊಟ್ಟದ್ದು. ಇಷ್ಟೊಂದು ಹಂಚಿದ್ದರೆ ನಿಜಾಮನ ಮನೆಯಲ್ಲಿ ಊಟಕ್ಕೆ ತಟ್ಟೆಯೂ ಉಳಿಯುತ್ತಿರಲಿಲ್ಲ.

ನಿಜ ಸಂಗತಿ ಬೇರೆ. ನನ್ನ ತವರು ಜವಳಗೇರಾ. ಕಾಲುವೆಗೆ ನೀರು ಬಂತು, ಭತ್ತ ಬಂತು, ಭತ್ತದ ಹಿಂದೆಯೇ ಹಕ್ಕಿಗಳ ದಂಡೂ ಬಂತು. ಅವ್ವ ಬದುವಿನ ಮೇಲೆ ಕೂತು ಅವುಗಳನ್ನು ಓಡಿಸುತ್ತಿದ್ದಳು. ಕೊರಳಲ್ಲಿ ಲಿಂಗ, ಹೆಗಲಿಗೆ ಬಂದೂಕು. ಜೀವ ತೆಗೆಯಬಾರದು, ಬೆಳೆಯೂ ಹೋಗಬಾರದು. ಹಾಗಾಗಿ ಛರ್ರೆ ಎಂಬ ಸೀಸದ ಗುಂಡು ಹಾಕದೆ ಬರೀ ಗಾಳಿಯನ್ನೇ ಹೊಡೆಯುತ್ತಿದ್ದಳು. ನಾನು ಮದುವೆಯಾಗಿ ಸಾಲಗುಂದಕ್ಕೆ ಬಂದ ಕೆಲವು ವರ್ಷಕ್ಕೆ ಇಲ್ಲಿಯೂ ಹಕ್ಕಿಕಾಟ ಎಂದು ಕೇಳಿ, ಬಂದೂಕನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದಳು. ಬಂದದ್ದು ಅತ್ತೆಮನೆಯ ಗೂಟಕ್ಕೆ ತೂಗುಬಿದ್ದಿತು. ವರ್ಷಗಟ್ಟಲೆ ಒಂದೇ ಗೋಡೆಗೆ ತೂಗಿದ ವಸ್ತು ಆ ಗೋಡೆಯದೇ ಆಗಿಬಿಡುತ್ತದೆ. ನಾವು ಸಿಂಧನೂರಿಗೆ ಮನೆ ಬದಲಿಸಿದಾಗ ಅದೂ ಜೊತೆಗೆ ಬಂದು ಅಟ್ಟ ಸೇರಿತು. ಬಂದದ್ದನ್ನು ಕಂಡವರೆಲ್ಲ ಈಗ ಶಿವನ ಪಾದದಲ್ಲಿದ್ದಾರೆ. ಉಳಿದ ಸಾಕ್ಷಿ ನನ್ನ ಗಂಡ ಒಬ್ಬರೇ.

"ನಮ್ಮವ್ವ ಕಳಿಸಿದ್ದು ನೆನಪಿಲ್ಲೇನ್ರೀ?" ಎಂದು ಕೇಳಿದೆ.

"ಇರಬಹುದು," ಎಂದರು.

"ಅಣ್ಣಾ, ಮುತ್ಯಾಂದು ಹೌದಲ್ಲೋ?" ಎಂದ ಶರಣಬಸವ.

"ಅದೂ ಇರಬಹುದು," ಎಂದರು. ಇಂಥ ಮನುಷ್ಯನೊಂದಿಗೆ ಇಷ್ಟು ವರ್ಷ ಬಾಳಿದ್ದಕ್ಕೆ ನನಗೊಂದು ಸನ್ಮಾನ ಆಗಬೇಕಿತ್ತು.

ಬಂದೂಕನ್ನೇ ಕೇಳೋಣವೆಂದರೆ ಅದರ ಮೈಮೇಲೆ ಒಂದಕ್ಷರವಿಲ್ಲ. ಕಂಪನಿಯ ಹೆಸರಿಲ್ಲ, ನಂಬರಿಲ್ಲ, ದೇಶವಿಲ್ಲ. ಭೂತಗನ್ನಡಿ ಹಿಡಿದು ನಳಿಗೆಯ ಉದ್ದಕ್ಕೂ ಹುಡುಕಿದೆ. ಮೈದುನ ಫೋಟೋ ತೆಗೆದು ಫೋನಿನ ಯಾವುದೋ ಗುಂಪಿಗೆ ಕಳಿಸಿದ. ಒಬ್ಬ ಜರ್ಮನಿ ಎಂದ, ಒಬ್ಬ ಇಂಗ್ಲೆಂಡ್ ಎಂದ, ಮೂರನೆಯವನು ಬಲೂನು ಒಡೆಯುವ ಅಂಗಡಿಯದು ಎಂದ. ಆ ಮೂರನೆಯವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೊನೆಗೆ ಮಸ್ಕಿಗೆ ಹೋಗುವುದೆಂದಾಯಿತು. ಅವನ ಊರಿಗೂ ನನ್ನ ಊರಿಗೂ ನಡುವೆ ಇದೆ, ಪಕ್ಷಪಾತದ ಮಾತು ಬರುವುದಿಲ್ಲ. ಅಲ್ಲಿ ಬೀಗ, ಸ್ಟೌ, ಹೊಲಿಗೆಯಂತ್ರ, ಏರ್‌ಗನ್ನು ಎಲ್ಲವನ್ನೂ ರಿಪೇರಿ ಮಾಡುವ ಖಾಜಾಸಾಬ್ ಎಂಬ ಹಿರಿಯರಿದ್ದಾರೆ. ನಾನು, ನನ್ನ ಗಂಡ, ಮೈದುನ ಮೂವರೂ ಅವರ ಅಂಗಡಿಯ ಬೆಂಚಿನ ಮೇಲೆ ಕೂತೆವು.

ಖಾಜಾಸಾಬ್ ಸ್ಕ್ರೂ ಬಿಚ್ಚಿದರು. ಒಳಗಿನ ಚರ್ಮದ ವಾಶರ್ ಹೊರತೆಗೆದು ಬೆಳಕಿಗೆ ಹಿಡಿದರು. "ಛರ್ರೆ ಇಲ್ಲದ ಖಾಲಿ ಹೊಡದು ಹೊಡದು ಇದರ ಜೀವಾ ತಗದಾರ. ಯಾರ್ರೀ ಈ ಪುಣ್ಯಾತ್ಮರು?"

ನಾನು ಮೈದುನನ ಕಡೆ ನೋಡಿದೆ. ಅವನು ರಸ್ತೆಯ ಕಡೆ ನೋಡಿದ.

ಆಮೇಲೆ ಅವರು ಹಿಂದಿನ ಕಟ್ಟಿಗೆಯನ್ನು ಉಗುರಿನಿಂದ ಕೆರೆದರು. "ಇದು ಕಂಪನಿ ಕಟಿಗಿ ಅಲ್ಲ. ಬಂಡಿ ಮಾಡೋ ಜಾಲಿ. ಹಳೇದು ಮುರದಿರಬೇಕು, ಯಾರೋ ಬಡಿಗ್ಯಾರು ಹೊಸಾದು ಮಾಡ್ಯಾರ. ಆದ್ರ ಗಿಡ್ಡ ಮಾಡ್ಯಾರ." ಬಂದೂಕನ್ನು ಮೈದುನನ ಕೈಗೆ ಕೊಟ್ಟರು. "ಹಿಡೀರಿ, ಭುಜಕ್ಕ ಹಚ್ಚರಿ."

ಶರಣಬಸವ ಆರಡಿ ಆಳು, ಥೇಟ್ ಅವನ ಮುತ್ಯಾನಂತೆ. ಭುಜಕ್ಕೆ ಹಚ್ಚಿದ್ದೇ ಅವನ ಹೆಬ್ಬೆರಳು ಅವನ ಮೂಗಿಗೇ ಬಡಿಯಿತು. ಖಾಜಾಸಾಬ್ ಅದನ್ನು ತೆಗೆದು ನನಗೆ ಕೊಟ್ಟರು. ನಾನು ಐದಡಿಯೂ ಪೂರ್ತಿ ಇಲ್ಲ. ಬಂದೂಕು ನನ್ನ ಭುಜದ ಗುಳಿಯಲ್ಲಿ ಕೂಸಿನ ಹಾಗೆ ಕೂತಿತು.

"ಇದು ಗಂಡಸರ ಅಳತಿ ಅಲ್ಲರೀ," ಎಂದರು ಖಾಜಾಸಾಬ್. "ಹೆಣ್ಮಗಳು ನಿಂತು ಅಳತಿ ಕೊಟ್ಟು ಮಾಡಿಸ್ಯಾಳ."

ಅವ್ವ ಬಡಿಗನ ಮುಂದೆ ನಿಂತು ಭುಜದ ಅಳತೆ ಕೊಟ್ಟಿದ್ದಳೆಂಬುದು ನನಗೂ ಆವತ್ತೇ ಗೊತ್ತಾದದ್ದು. ರವಿಕೆಗೆ ಅಳತೆ ಕೊಡಲು ನಾಚುತ್ತಿದ್ದವಳು! ಕೆಮ್ಮಿದೆ. ಮೈದುನ ಎದ್ದು ನನಗೆ ನೀರು ತಂದುಕೊಟ್ಟ. "ಒಯ್ರಿ ವೈನಿ, ನಿಮ್ಮವ್ವಂದೇ," ಎಂದ. ಅವನು ಒಳ್ಳೆಯವನೇ.

ಅಷ್ಟಕ್ಕೆ ಎದ್ದು ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನನಗೆ ಪೂರ್ಣ ಅಂಕ ಬೇಕು. "ಯಾವ ಕಾಲದ್ದು ಅನ್ನೋದೂ ಹೇಳಿಬಿಡ್ರಿ," ಎಂದೆ. "ನಿಜಾಮನ ಕಾಲದ್ದಲ್ಲ ಅಂತ ಇವನಿಗೆ ಖಾತ್ರಿ ಆಗಲಿ."

ಖಾಜಾಸಾಬ್ ನಳಿಗೆಗೆ ಸುಣ್ಣದ ಪುಡಿ ಸವರಿ, ಬೆರಳಿಂದ ಮೆಲ್ಲಗೆ ಒರೆಸಿದರು. ಅಲ್ಲೊಂದು ಗೆರೆ, ಇಲ್ಲೊಂದು ಕೊಂಬು, ಯಾವುದೋ ಅಕ್ಷರದ ಅರ್ಧ ಹೊಟ್ಟೆ ಬೆಳ್ಳಗೆ ಎದ್ದವು.

"ಹೆಸರಿತ್ತರೀ ಇಲ್ಲಿ. ನಂಬರೂ ಇತ್ತು. ಅದಿದ್ರ ಇಸ್ವಿ ಸಮೇತ ಹೇಳ್ತಿದ್ದೆ. ಯಾರೋ ಉಜ್ಜಿ ಉಜ್ಜಿ ನುಣ್ಣಗ ಮಾಡ್ಯಾರ. ಇಟ್ಟಂಗಿ ಪುಡಿ ಹಚ್ಚಿರಬೇಕು. ಎಂಥಾ ಅಡ್ಡನಾಡಿ ಕೆಲಸ!"

ಪ್ರತಿ ವರ್ಷ ಮಹಾನವಮಿಯ ಖಂಡೇಪೂಜೆಗೆ ಮನೆಯ ಕುಡುಗೋಲು, ಕೊಡಲಿ, ಈಳಿಗೆಗಳ ಜೊತೆ ಆ ಬಂದೂಕನ್ನೂ ಇಟ್ಟಿಗೆ ಪುಡಿ, ಹುಣಸೆಹುಳಿ ಹಾಕಿ ಮುಖ ಕಾಣುವಂತೆ ತಿಕ್ಕುತ್ತಿದ್ದವರು ಯಾರೆಂದು ಅಲ್ಲಿ ಕೂತ ಮೂವರಿಗೂ ಗೊತ್ತಿತ್ತು. ಒಂದು ಸಲ ಉಸುಕಿನ ಕಾಗದವನ್ನೂ ಹಾಕಿದ್ದೆ, ಮುಚ್ಚಿಡುವುದೇನು.

"ಉಜ್ಜಿದಾಕಿ ಇಕಿನ ರೀ," ಎಂದರು ನನ್ನ ಗಂಡ, ಕೋರ್ಟಿನಲ್ಲಿ ಪ್ರಮಾಣ ಮಾಡಿದಷ್ಟು ಸ್ಪಷ್ಟವಾಗಿ.

"ಹಂಗಾರ ನಿಜಾಮನ ಕಾಲದ್ದಲ್ಲ ಅಂತ ಹೇಳಾಕೂ ಬರಂಗಿಲ್ಲ!" ಎಂದು ಶರಣಬಸವ ತೊಡೆ ತಟ್ಟಿ ನಕ್ಕ.

"ಹೌದು, ನಾನೇ ಉಜ್ಜಿದ್ದು," ಎಂದೆ. "ನಮ್ಮವ್ವನ ಬಂದೂಕು. ನಾ ಉಜ್ಜದ ಯಾರು ಉಜ್ಜಬೇಕಿತ್ತು?"

ಖಾಜಾಸಾಬ್ ಹೊಸ ವಾಶರ್ ಹಾಕಿ, ಎಣ್ಣೆ ಬಿಟ್ಟು, ಹಳೇ ಬಟ್ಟೆಯಲ್ಲಿ ಸುತ್ತಿಕೊಟ್ಟರು. ಉಳಿದ ಗೆರೆಗಳಾದರೂ ಉಳಿಯಲಿ, ಇನ್ನು ಮುಂದೆ ಎಣ್ಣೆಬಟ್ಟೆಯಿಂದ ಒರೆಸಿದರೆ ಸಾಕು, ಪುಡಿಗಿಡಿ ಮುಟ್ಟಿಸಬೇಡಿ ಎಂದು ಮೂರು ಸಲ ಹೇಳಿದರು. ತಲೆಯಾಡಿಸಿ ಬಂದೆ. ಆದರೆ ಮಹಾನವಮಿ ಹತ್ತಿರ ಬಂದಿದೆ, ನಳಿಗೆ ಸ್ವಲ್ಪ ಮಂಕಾಗಿದೆ, ಮತ್ತು ನನ್ನ ಮನೆಯ ಕಬ್ಬಿಣ ಎಷ್ಟು ಹೊಳೆಯಬೇಕೆಂಬುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವ ವಯಸ್ಸು ನನ್ನದಲ್ಲ.